ಖಾಲಿ ಗಾಜಿನ ಫೋಟೊ

ವಿಮಾನ ನಿಲ್ದಾಣ

ಪರದೇಶಕ್ಕೆ ಹೊರಟವರಿಗೆ ನಮ್ಮ ಬಸವೇಶ್ವರನಗರದಲ್ಲಿ ಎರಡು ಬುದ್ಧಿಮಾತು ತಪ್ಪದೆ ಸಿಗುತ್ತವೆ. ಚಟ್ನಿಪುಡಿ ತಗೊಂಡು ಹೋಗು ಎನ್ನುವುದು ಒಂದು. ಕೇಳಿದ್ದಕ್ಕಷ್ಟೇ ಉತ್ತರ ಕೊಡು, ಕತೆ ಹೇಳಬೇಡ ಎನ್ನುವುದು ಇನ್ನೊಂದು. ಮೊದಲನೆಯದನ್ನು ಪಾಲಿಸಿದ್ದೆ. ಎರಡನೆಯದು ನನ್ನ ಜಾಯಮಾನಕ್ಕೆ ಒಗ್ಗದ್ದು. ಹಾಗಾಗಿ ಪೋರ್ಚುಗಲ್ಲಿನ ಪೋರ್ಟೊ ಎಂಬ ಊರಿನಲ್ಲಿ, ಊರು ಕಣ್ಣಿಗೆ ಬೀಳುವ ಮೊದಲೇ, ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದೆ.

"ಯಾವ ಕೆಲಸಕ್ಕೆ ಬಂದಿದ್ದೀರಿ?" ಎಂದು ಅಧಿಕಾರಿ ಕೇಳಿದ. ತರಬೇತಿಗೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮೀನಿನ ಚರ್ಮದ ಜೀವಕೋಶಗಳು ಹೇಗೆ ನಡೆದಾಡುತ್ತವೆ ಎಂದು ನೋಡುವುದು ನನ್ನ ಕೆಲಸ, ಅವನ್ನು ಜೊತೆಯಲ್ಲೇ ತಂದಿದ್ದೇನೆ ಎಂದುಬಿಟ್ಟೆ.

"ಮೀನು ತಂದಿದ್ದೀರಾ?"

"ಮೀನಲ್ಲ. ಮೀನಿನ ಕೋಶ."

"ಎಲ್ಲಿದೆ ಅದು?"

ಅದು ಸಿನಿಮಾ ರೂಪದಲ್ಲಿದೆ ಎಂದು ಹೇಳುವಷ್ಟರಲ್ಲಿ ಪೆಟ್ಟಿಗೆ ಬಿಚ್ಚಿಸಿ ಆಗಿತ್ತು. ಹತ್ತಿ ಸೀರೆಯ ಮಡಿಕೆಯೊಳಗೆ ಹಾರ್ಡ್ ಡಿಸ್ಕ್ ಇತ್ತು. ಅದಕ್ಕೆ ಪೆಟ್ಟಾಗದಿರಲಿ ಎಂದು ಎರಡೂ ಕಡೆ ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿಯ ಪೊಟ್ಟಣ ಇಟ್ಟಿದ್ದೆ. ಅಧಿಕಾರಿ ಒಂದು ಪೊಟ್ಟಣವನ್ನು ಮೂಗಿಗೆ ಹಿಡಿದ. ಸೀನಿದ. ಕಣ್ಣಲ್ಲಿ ನೀರು ತುಂಬಿಕೊಂಡು, ಹೋಗಿ ಎಂಬಂತೆ ಕೈಬೀಸಿದ.

ಆ ಡಿಸ್ಕಿನಲ್ಲಿ ಏನಿತ್ತು ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಕೆಂಗೇರಿ ಕಡೆಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಒಂದು ಗಾಜಿನ ತೊಟ್ಟಿ, ಅದರಲ್ಲಿ ಚಿನ್ನದ ಬಣ್ಣದ ಮೀನುಗಳು. ಮೀನಿನ ಮೈಯಿಂದ ಒಂದೇ ಒಂದು ಹುರುಪೆ ಕಿತ್ತು (ಅದು ಮತ್ತೆ ಬೆಳೆಯುತ್ತದೆ, ಗಾಬರಿ ಬೇಡ) ತೇವದ ಗಾಜಿನ ಮೇಲಿಟ್ಟರೆ, ಹುರುಪೆಯ ಅಂಚಿನಿಂದ ಜೀವಕೋಶಗಳು ಹೊರಬಂದು ಗಾಜಿನ ಮೇಲೆ ನಡೆಯತೊಡಗುತ್ತವೆ. ಥೇಟ್ ಕರಿಗಡುಬಿನ ಆಕಾರ. ಅಗಲದ ಕಡೆ ಮುಂದಾಗಿ, ಜಾರಿದಂತೆ ಹೋಗುತ್ತವೆ. ಮೈಕ್ರೋಸ್ಕೋಪಿನ ನೆತ್ತಿಗೆ ಕೂರಿಸಿದ ಕ್ಯಾಮೆರಾ ಬಿಟ್ಟು ಬಿಟ್ಟು ಫೋಟೊ ತೆಗೆಯುತ್ತದೆ. ಅವನ್ನೆಲ್ಲ ಸೇರಿಸಿ ಓಡಿಸಿದರೆ ಸಿನಿಮಾ. ಆಮೇಲೆ ಕಂಪ್ಯೂಟರು ಒಂದೊಂದು ಕೋಶಕ್ಕೂ ನಂಬರು ಕೊಟ್ಟು, ಅದು ನಡೆದ ದಾರಿಗೆ ಗೆರೆ ಎಳೆಯುತ್ತದೆ.

ಹಾಗೆ ಗೆರೆ ಎಳೆಸುತ್ತಾ ಕೂತಿದ್ದಾಗ ನಮಗೊಂದು ವಿಚಿತ್ರ ಸಿಕ್ಕಿತು. ಸಿನಿಮಾದ ನಡುವೆ ಒಂದು ಕೋಶ ಕೂತಲ್ಲೇ ಕೂತಿತ್ತು. ಮಿಕ್ಕವು ಅದರ ಹತ್ತಿರ ಬರುತ್ತಿದ್ದವು, ಆದರೆ ಯಾವುದೂ ಅದನ್ನು ದಾಟಿ ಹೋಗುತ್ತಿರಲಿಲ್ಲ. ಮುಂದಿನ ಸಿನಿಮಾದಲ್ಲೂ ಅಂಥದ್ದೊಂದು, ಅದರ ಮುಂದಿನದರಲ್ಲೂ. ನಾನು ಅದಕ್ಕೆ ಅಜ್ಜಿ ಎಂದು ಹೆಸರಿಟ್ಟೆ. ರಾಜಾಜಿನಗರದಲ್ಲಿ ನಮ್ಮಜ್ಜಿ ಬಾಗಿಲ ಮೆಟ್ಟಿಲ ಮೇಲೆ ಹೀಗೇ ಕೂರುತ್ತಿದ್ದಳು. ಹಾಲಿನವನು, ಹಸು, ಶಾಲೆಯಿಂದ ಬಂದ ನಾವು, ಎಲ್ಲರೂ ಅವಳನ್ನು ಸುತ್ತಿಕೊಂಡೇ ಒಳಗೆ ಹೋಗಬೇಕಿತ್ತು.

ನನ್ನ ಗೈಡ್ ಹೊನ್ನೇಗೌಡ ಸರ್‌ಗೂ ಅಜ್ಜಿ ಬಹಳ ಹಿಡಿಸಿದಳು. ಸರ್ ಕೆಂಗೇರಿಯ ಹಳೇ ಊರಿನವರು. ಅವರ ಮನೆಯ ರಾಗಿಹೊಲ ಈಗ ಲೇಔಟು. ಆ ಮನೆಯಲ್ಲಿ ಜೀವಶಾಸ್ತ್ರ ಓದಿದ ಮೊದಲಿಗರು ಅವರೇ. ಈ ವರ್ಷ ಅವರ ನಿವೃತ್ತಿ. ಅಜ್ಜಿಯ ಮೇಲೆ ನಾವಿಬ್ಬರೂ ಬರೆದ ಪ್ರಬಂಧವನ್ನು ಒಂದು ಒಳ್ಳೆಯ ಪತ್ರಿಕೆ ಒಪ್ಪಿತ್ತು, ಇನ್ನು ಅಚ್ಚಾಗುವುದಷ್ಟೇ ಬಾಕಿ. ಅದು ಸರ್ ಪಾಲಿಗೆ ಕೊನೆಯ ಪ್ರಬಂಧ. ನನ್ನ ಪಾಲಿಗೆ ಮೊದಲನೆಯದು, ಪಾಠ ಮಾಡಿಕೊಂಡೇ ವರ್ಷಗಟ್ಟಲೆ ಎಳೆದ ಪಿಎಚ್‌ಡಿಯ ಬೆನ್ನುಮೂಳೆ. ಅಜ್ಜಿಯ ಚಲನೆಯನ್ನು, ಅಂದರೆ ಚಲಿಸದಿರುವುದನ್ನು, ಇನ್ನೂ ಚೆನ್ನಾಗಿ ಅಳೆಯಲು ಕಲಿತು ಬಾ ಎಂದು ಅವರೇ ನನ್ನನ್ನು ಈ ತರಬೇತಿಗೆ ಕಳಿಸಿದ್ದರು.

ಮೆಟ್ಟಿಲುಗಳ ಊರು

ಪೋರ್ಟೊದಲ್ಲಿ ಸಮತಟ್ಟಾದ ರಸ್ತೆ ಎಂದರೆ ನದಿ ದಂಡೆಯದೇ. ಮಿಕ್ಕದ್ದೆಲ್ಲ ಏರು, ಇಲ್ಲವೇ ಇಳಿಜಾರು, ಎರಡೂ ಆಗದ ಕಡೆ ಮೆಟ್ಟಿಲು. ನಾನು ಉಳಿದಿದ್ದ ಮನೆಯಿಂದ ತರಬೇತಿಯ ಕಟ್ಟಡಕ್ಕೆ ಹೋಗಲು ಕಿರಿದಾದ ಕಲ್ಲುಮೆಟ್ಟಿಲ ಓಣಿ ಹತ್ತಬೇಕು. ರಾಜಾಜಿನಗರದ ಬ್ಲಾಕುಗಳಲ್ಲಿ ಅಡ್ಡರಸ್ತೆ, ಮುಖ್ಯರಸ್ತೆ ಎಂದು ಲೆಕ್ಕ ಹಾಕಿಕೊಂಡು ಬೆಳೆದ ನನಗೆ ಈ ಓಣಿಗಳ ತಲೆಬುಡ ತಿಳಿಯಲಿಲ್ಲ. ಮೊದಲ ದಿನ ಹತ್ತಿ ಹತ್ತಿ, ಯಾರದೋ ಮನೆಯ ಹಿತ್ತಿಲಿಗೆ ಹೋಗಿ ನಿಂತೆ. ಹಗ್ಗದ ಮೇಲೆ ಬೆಡ್‌ಶೀಟ್ ಹರವುತ್ತಿದ್ದ ಹೆಂಗಸು ಬಯ್ಯಲಿಲ್ಲ, ಬಾಯಲ್ಲಿದ್ದ ಕ್ಲಿಪ್ಪು ತೆಗೆದು ದಾರಿ ತೋರಿಸಿದಳು.

ಮನೆಗಳ ಮುಂಭಾಗಕ್ಕೆಲ್ಲ ನೀಲಿ ಹೂವಿನ ಟೈಲ್ಸು. ನಮ್ಮಲ್ಲಿ ಬಚ್ಚಲಿಗೆ ಹಾಕುವುದನ್ನು ಇವರು ಬೀದಿಗೆ ಹಾಕಿದ್ದಾರೆ ಎಂದು ಮೊದಲು ನಗು ಬಂತು. ಸಂಜೆ ಬಿಸಿಲು ಅದರ ಮೇಲೆ ಬಿದ್ದಾಗ ನಗು ನಿಂತಿತು. ಬಸವೇಶ್ವರನಗರದಲ್ಲಿ ನಾವು ಕಟ್ಟಿಕೊಂಡ ಮನೆಯ ಬೂದು ಗೋಡೆ ನೆನಪಾಗಿ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಆ ಓಣಿಯ ಅರ್ಧದಲ್ಲಿ ಒಂದು ಕಿಟಕಿ. ಅದರಲ್ಲಿ ಒಬ್ಬ ಮುದುಕಿ, ಕಪ್ಪು ಸ್ವೆಟರು, ಮೊಣಕೈ ಕೆಳಗೆ ಒಂದು ದಿಂಬು. ಬೆಳಿಗ್ಗೆ ಹತ್ತುವಾಗಲೂ ಇರುತ್ತಿದ್ದಳು, ಸಂಜೆ ಇಳಿಯುವಾಗಲೂ ಇರುತ್ತಿದ್ದಳು. ನಾನು ತಲೆಬಾಗಿಸಿದರೆ ಅವಳೂ ಬಾಗಿಸುತ್ತಿದ್ದಳು. ನನ್ನ ಅಜ್ಜಿ ಇಲ್ಲೂ ಇದ್ದಾಳೆ ಎಂದು ಒಳಗೊಳಗೇ ಹಿಗ್ಗಿದೆ. ಅಷ್ಟು ದೂರದ ಊರಿನಲ್ಲಿ ಇಂಥದ್ದು ಶುಭಶಕುನ ಎಂದೇ ತಿಳಿದೆ.

ಏನೂ ಇಲ್ಲದ್ದು

ನಮಗೆ ಕಲಿಸುವವರು ತೆರೆಸಾ, ಬಿಳಿಕೂದಲಿನ, ನನ್ನ ಭುಜದಷ್ಟೇ ಎತ್ತರದ ಹೆಂಗಸು. ಈ ಊರಿನಲ್ಲಿ ಪರಿಚಯವೆಂದರೆ ಎರಡೂ ಕೆನ್ನೆಗೆ ಮುತ್ತು. ಅವರು ಕೆನ್ನೆ ಮುಂದೆ ಮಾಡಿದಾಗಲೇ ನಾನು ನಮಸ್ಕಾರಕ್ಕೆಂದು ಬಗ್ಗಿದೆ. ನನ್ನ ಹಣೆ ಅವರ ಕನ್ನಡಕಕ್ಕೆ ಬಡಿಯಿತು. ಅವರು ಕನ್ನಡಕ ತೆಗೆದು, ಒರೆಸಿ, ಅದನ್ನೇ ಪಾಠ ಮಾಡಿಕೊಂಡರು.

"ನೋಡಿ, ಈಗ ಈ ಹುಡುಗಿಯ ಹಣೆಯ ಗುರುತು ನನ್ನ ಗಾಜಿನ ಮೇಲಿದೆ. ಇದನ್ನು ಹಾಕಿಕೊಂಡು ನಿಮ್ಮನ್ನೆಲ್ಲ ನೋಡಿದರೆ ಎಲ್ಲರ ಮುಖದಲ್ಲೂ ಒಂದು ಮಚ್ಚೆ ಕಾಣುತ್ತದೆ. ಅದಕ್ಕೇ ಮೊದಲು ಏನೂ ಇಲ್ಲದ್ದರ ಫೋಟೊ ತೆಗೆಯಬೇಕು."

ನಲವತ್ತರ ಹತ್ತಿರ ಇರುವ ನನ್ನನ್ನು ಹುಡುಗಿ ಎಂದದ್ದಕ್ಕೆ ಸಂತೋಷವಾಗಿ ಮಿಕ್ಕದ್ದು ತಲೆಗೆ ಹೋಗಲಿಲ್ಲ. ತೆರೆಸಾ ಮತ್ತೊಮ್ಮೆ ಬಿಡಿಸಿ ಹೇಳಿದರು. ಕೋಶಗಳನ್ನು ಇಡದೆ, ಬರಿಯ ಗಾಜಿನ ಒಂದು ಫೋಟೊ. ಅದರಲ್ಲಿ ಏನಾದರೂ ಕಂಡರೆ ಅದು ಜೀವಿಯದಲ್ಲ, ನಮ್ಮ ಉಪಕರಣದ್ದು. ತರಬೇತಿಗೆ ಬಂದವರೆಲ್ಲ ಅಂಥ ಫೋಟೊ ತಂದಿದ್ದರು. ಪಕ್ಕದಲ್ಲಿ ಕೂತ ಘಾನಾದ ಅಬೆನಾ ಕೂಡ ತಂದಿದ್ದಳು. ಅವಳದು ಸೊಳ್ಳೆಮರಿ ನೀರಿನಲ್ಲಿ ಹೇಗೆ ನುಲಿಯುತ್ತದೆ ಎಂಬುದರ ಸಿನಿಮಾ. ನನ್ನ ಹತ್ತಿರ ಮಾತ್ರ ಇರಲಿಲ್ಲ. ತೊಂದರೆಯಿಲ್ಲ, ಊರಿನಿಂದ ತರಿಸು ಎಂದರು ತೆರೆಸಾ.

ಸರ್‌ಗೆ ಫೋನ್ ಮಾಡಿದೆ.

"ಹೇಳಮ್ಮ ಶೈಲಾ. ಊಟ ಆಯ್ತಾ? ಅನ್ನ ಸಿಗುತ್ತಾ ಅಲ್ಲಿ?"

"ಸಿಗುತ್ತೆ ಸಾರ್. ಒಂದ್ ಕೆಲಸ ಆಗ್ಬೇಕಿತ್ತು. ನಮ್ಮ ಮೈಕ್ರೋಸ್ಕೋಪಲ್ಲಿ ಖಾಲಿ ಗಾಜಿಂದು ಒಂದು ಫೋಟೊ ಬೇಕು."

"ಖಾಲಿದಾ? ಏನೂ ಇಲ್ದಿರೋದನ್ನ ಏನಂತ ಫೋಟೊ ತೆಗೆಯೋದಮ್ಮ?"

"ಇಲ್ಲಿ ಮೇಡಮ್ ಕೇಳ್ತಾ ಇದಾರೆ ಸಾರ್. ಗಾಜು ಕ್ಲೀನಾಗಿದೆಯಾ ಅಂತ ನೋಡಕ್ಕಂತೆ."

"ನಮ್ ಗಾಜು ಕ್ಲೀನಾಗಿಲ್ದೆ ಇನ್ನೇನು! ಆಯುಧಪೂಜೇಲಿ ನೀನೇ ಬಿಚ್ಚಿ ಒರೆಸಿದ್ದೀಯಲ್ಲ. ಆಯ್ತು ಬಿಡು, ಕಾಲೇಜಿಗೆ ರಜ, ಕೀ ನನ್ ಹತ್ರಾನೇ ಇದೆ. ನಾಳೆ ಹೋಗಿ ತೆಗೆದು ಕಳಿಸ್ತೀನಿ."

ಸರ್ ನಾಳೆ ಎಂದರೆ ನಾಳೆಯೇ. ತಡ ಮಾಡಿದ್ದನ್ನು ನಾನು ಕಂಡಿಲ್ಲ.

ಹಂಪು

ಅದರ ಮರುದಿನ ನನ್ನ ಸಿನಿಮಾದ ಸರದಿ. ದೊಡ್ಡ ಪರದೆಯ ಮೇಲೆ ಕರಿಗಡುಬುಗಳು ಓಡಾಡಿದವು, ನಡುವೆ ಅಜ್ಜಿ ಗಂಭೀರವಾಗಿ ಕೂತಿದ್ದಳು. ಎಲ್ಲರೂ ಆಹಾ ಎಂದರು. ನನಗೆ ಕೋಡು ಮೂಡಿತು.

"ನಿಲ್ಲಿಸು," ಎಂದರು ತೆರೆಸಾ. "ಸ್ವಲ್ಪ ಹಿಂದಕ್ಕೆ. ಇಲ್ಲಿ ಏನೋ ಆಯಿತು. ಏನದು?"

ಏನೆಂದು ನನಗೆ ಗೊತ್ತಿತ್ತು. ನಮ್ಮ ಲ್ಯಾಬಿನ ಕಾಂಪೌಂಡಿನಾಚೆ ರಸ್ತೆಯಲ್ಲಿ ಒಂದು ಹಂಪು. ಜಲ್ಲಿ ತುಂಬಿದ ಲಾರಿ ಅದನ್ನು ಹತ್ತಿ ಇಳಿದರೆ ಮೇಜು ಅದುರುತ್ತದೆ, ಮೇಜಿನ ಮೇಲಿನ ಗಾಜು ಅದುರುತ್ತದೆ, ಸಿನಿಮಾದಲ್ಲಿ ಒಂದು ಚಣ ಎಲ್ಲವೂ ಪಕ್ಕಕ್ಕೆ ಹಾರಿ ವಾಪಸ್ಸು ಬರುತ್ತದೆ. ನಾವು ಅಂಥ ಫ್ರೇಮುಗಳನ್ನು ಕಣ್ಣುಮುಚ್ಚಿ ಬಿಟ್ಟುಬಿಡುತ್ತಿದ್ದೆವು. ಹಂಪಿನ ಕತೆ ಹೇಳಿದೆ. ಲಿಸ್ಬನ್ನಿನಿಂದ ಬಂದವನೊಬ್ಬ ತಮ್ಮ ಕಟ್ಟಡದ ಕೆಳಗೆ ಟ್ರಾಮ್ ಹೋಗುತ್ತದೆ ಎಂದು ಸಮಾಧಾನ ಹೇಳಿದ.

ತೆರೆಸಾ ನಗಲಿಲ್ಲ. ಆ ಫ್ರೇಮುಗಳನ್ನು ಒಂದೊಂದಾಗಿ ಮತ್ತೆ ಮತ್ತೆ ಓಡಿಸಿದರು. ಆಮೇಲೆ ಪರದೆಯ ಹತ್ತಿರ ಹೋಗಿ ಅಜ್ಜಿಯ ಮೇಲೆ ಬೆರಳಿಟ್ಟರು.

"ಎಲ್ಲರೂ ಅದುರಿದರು. ಇವಳು ಅದುರಲಿಲ್ಲ."

"ಅವಳು ಗಾಜನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಾಳೆ," ಎಂದೆ.

"ಗಾಜೇ ಅದುರಿದೆಯಲ್ಲ, ಶೈಲಾ."

ನಾನು ವಾದ ಬಿಡಲಿಲ್ಲ. ಸಿಟ್ಟು ಬಂದಾಗ ನನ್ನ ಇಂಗ್ಲಿಷು ಚೆನ್ನಾಗಿ ಓಡುತ್ತದೆ. ಬೇರೆ ಬೇರೆ ಸಿನಿಮಾದಲ್ಲಿ ಅಜ್ಜಿ ಬೇರೆ ಬೇರೆ ಜಾಗದಲ್ಲಿದ್ದಾಳೆ, ಕೊಳೆಯಾಗಿದ್ದರೆ ಒಂದೇ ಜಾಗದಲ್ಲಿ ಇರಬೇಕಿತ್ತು ಎಂದೆ. ಸಿನಿಮಾಗಳನ್ನು ನೀನು ಪೂರ್ತಿ ಇಟ್ಟುಕೊಂಡಿದ್ದೀಯಾ, ಕತ್ತರಿಸಿದ್ದೀಯಾ ಎಂದು ಅವರು ಕೇಳಿದರು. ಕತ್ತರಿಸಿದ್ದೆ. ನಮ್ಮ ಲ್ಯಾಬಿನ ಹಳೆಯ ಕಂಪ್ಯೂಟರಿಗೆ ಇಡೀ ಸಿನಿಮಾ ಭಾರ. ಅದಕ್ಕೇ ಬೇಕಾದ ಭಾಗವನ್ನಷ್ಟೇ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದೆವು, ಒಂದೊಂದು ಸಲ ಒಂದೊಂದು ಅಳತೆಗೆ. ಇಡೀ ಚಿತ್ರದಲ್ಲಿ ಅಜ್ಜಿ ಯಾವ ಮೂಲೆಯಲ್ಲಿದ್ದಳು ಎಂಬುದು ಅದರೊಂದಿಗೇ ಕತ್ತರಿಸಿ ಹೋಗಿತ್ತು.

"ಖಾಲಿ ಗಾಜಿನ ಫೋಟೊ ಬರಲಿ," ಎಂದು ತೆರೆಸಾ ಮುಂದಿನವರನ್ನು ಕರೆದರು.

ಬೈ ಟೂ

ಇವರು ಕಾಫಿ ಕುಡಿಯುವುದು ಕಟ್ಟೆಗೆ ಒರಗಿ ನಿಂತುಕೊಂಡು, ನಮ್ಮ ದರ್ಶಿನಿಗಳ ಹಾಗೆಯೇ. ಆದರೆ ಕಪ್ಪು ಮಕ್ಕಳ ಆಟದ ಸಾಮಾನಿನಷ್ಟು ಪುಟ್ಟದು, ಅದರೊಳಗಿನ ಕಾಫಿ ಕಷಾಯ. ಅಬೆನಾ ಮತ್ತು ನಾನು ಹೋದಾಗ, ರೂಢಿಯಂತೆ ಒಂದು ಕಾಫಿಯನ್ನು ಎರಡು ಕಪ್ಪಿಗೆ ಹಾಕಿ ಎಂದೆ. ಕಟ್ಟೆಯಾಚೆಯ ಮನುಷ್ಯನಿಗೆ ಅದು ಯಾವ ಭಾಷೆಯಲ್ಲೂ ಅರ್ಥವಾಗಲಿಲ್ಲ. ಎರಡು ಬೇಕೇ? ಅಲ್ಲ, ಒಂದು. ಒಂದೇ ಕಪ್ಪು? ಅಲ್ಲ, ಎರಡು. ಅವನು ತನ್ನ ಹೆಂಡತಿಯನ್ನು ಕರೆದ. ಅವಳು ನಮ್ಮಿಬ್ಬರನ್ನೂ ಕನಿಕರದಿಂದ ನೋಡಿ ಎರಡು ಪೂರ್ತಿ ಕಾಫಿ ಕೊಟ್ಟಳು.

"ನಿಮ್ಮೂರಲ್ಲಿ ಕಾಫಿಗೆ ಬರಗಾಲವೇ?" ಎಂದಳು ಅಬೆನಾ.

"ಬರಗಾಲ ಅಲ್ಲ. ಜೊತೆಯಲ್ಲಿ ಇನ್ನಷ್ಟು ಹೊತ್ತು ನಿಲ್ಲಬಹುದು, ಅದಕ್ಕೆ."

ಅಬೆನಾಗೆ ಅದು ಹಿಡಿಸಿತು. ಅವಳು ನನ್ನ ಅಜ್ಜಿಯ ಸುದ್ದಿ ಎತ್ತಲಿಲ್ಲ. ನಾನೇ ಎತ್ತಿದೆ. ತೆರೆಸಾ ಹೇಳುವುದು ನಿಜವಾದರೆ ನನ್ನ ಗೈಡಿಗೆ ಹೇಗೆ ಹೇಳುವುದು ಎಂದೆ. ನಿಜವಾದರೆ ಎನ್ನುವುದಕ್ಕೂ ನಿಜ ಎನ್ನುವುದಕ್ಕೂ ನಡುವೆ ಒಂದು ಫೋಟೊ ಇದೆ, ಅದು ಬರುವ ತನಕ ತಿಂಡಿ ತಿನ್ನು ಎಂದು ಅವಳು ಮೊಟ್ಟೆಯ ಹಳದಿಯಿಂದ ಮಾಡಿದ ಸಿಹಿಯನ್ನು ಮುಂದಕ್ಕೆ ತಳ್ಳಿದಳು. ಮನೆಯಲ್ಲಿ ಮೊಟ್ಟೆ ಮುಟ್ಟದ ನಾನು ಅದನ್ನು ತಿಂದೆ. ರುಚಿಯಾಗಿತ್ತು ಎಂದು ಅಮ್ಮನಿಗೆ ತಿಳಿಯದಿರಲಿ.

ಫೋಟೊ ಮಾತ್ರ ಬರಲಿಲ್ಲ. ಮಾರನೆಯ ದಿನವೂ ಇಲ್ಲ. ನೆನಪಿಸಿದ್ದಕ್ಕೆ ಸರ್ ಒಂದೇ ಸಾಲು ಕಳಿಸಿದರು: ಕರೆಂಟಿಲ್ಲಮ್ಮ, ನೋಡ್ತೀನಿ.

ಭಾನುವಾರ, ನದಿ ದಂಡೆ

ಭಾನುವಾರ ಪಾಠವಿರಲಿಲ್ಲ. ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಕಿಟಕಿಯಲ್ಲಿ ಮುದುಕಿ ಇರಲಿಲ್ಲ. ದಿಂಬು ಮಾತ್ರ ಇತ್ತು. ಏನಾಯಿತೋ ಎಂದು ಯಾರನ್ನು ಕೇಳುವುದು, ಯಾವ ಭಾಷೆಯಲ್ಲಿ ಕೇಳುವುದು. ಓಣಿಯ ಬಾಯಿಗೆ ಬಂದರೆ, ಬ್ರೆಡ್ ಅಂಗಡಿಯ ಮುಂದೆ ಸರದಿಯ ಚೀಟಿ ಹಿಡಿದು ನಿಂತವರ ನಡುವೆ ಅದೇ ಕಪ್ಪು ಸ್ವೆಟರು. ಮುಂದಿನ ಹೆಂಗಸಿನೊಂದಿಗೆ ಕೈಬಾಯಿ ತಿರುಗಿಸಿ ಜಗಳವಾಡುತ್ತಿದ್ದಳು. ನನ್ನನ್ನು ಕಂಡು ಜಗಳದ ನಡುವೆಯೇ ತಲೆಬಾಗಿಸಿದಳು. ಬ್ರೆಡ್ಡಿನ ಉದ್ದ ಪೊಟ್ಟಣವನ್ನು ಕಂಕುಳಿಗೆ ಇರುಕಿಕೊಂಡು, ನಾನು ಏದುಸಿರು ಬಿಡುವ ಆ ಮೆಟ್ಟಿಲುಗಳನ್ನು ನಿಲ್ಲದೆ ಹತ್ತಿ ಹೋದಳು.

ನದಿ ದಂಡೆಯಲ್ಲಿ ಕೂತು ಅದನ್ನೇ ಯೋಚಿಸಿದೆ. ನಮ್ಮಜ್ಜಿಯಾದರೂ ಮೆಟ್ಟಿಲ ಮೇಲೆ ಕೂತೇ ಇರುತ್ತಿದ್ದಳೇ? ನಾನು ಶಾಲೆಗೆ ಹೋದ ಮೇಲೆ ಅವಳು ಎದ್ದು ಸೊಪ್ಪು ತಂದಿದ್ದಾಳೆ, ಅಕ್ಕಿ ಆರಿಸಿದ್ದಾಳೆ, ಪಕ್ಕದ ಮನೆಯವರೊಂದಿಗೆ ನೀರಿಗೆ ಜಗಳವಾಡಿದ್ದಾಳೆ. ನಾನು ನೋಡಿದಾಗಲೆಲ್ಲ ಕೂತಿದ್ದಳು ಅಷ್ಟೆ. ಜೀವ ಇರುವುದು ಯಾವುದೂ ಅಷ್ಟು ಹೊತ್ತು ಅಲುಗದೆ ಇರುವುದಿಲ್ಲ ಎಂಬುದು ನನಗೆ ತಿಳಿಯದ್ದೇನಲ್ಲ, ವರ್ಷ ವರ್ಷ ಮಕ್ಕಳಿಗೆ ಅದನ್ನೇ ಪಾಠ ಮಾಡಿದ್ದೇನೆ. ಆದರೂ ಅಜ್ಜಿಯ ವಿಷಯದಲ್ಲಿ ಅದನ್ನು ಕೇಳಿಕೊಳ್ಳಲಿಲ್ಲ. ಅವಳು ಅಷ್ಟು ಚೆನ್ನಾಗಿದ್ದಳು.

ಸಂಜೆ ಕಳೆದರೂ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲವೇನೋ ಎನ್ನುವಷ್ಟು ಬೆಳಕು. ಊರಿನಲ್ಲಿ ಊಟ ಮುಗಿಸಿ ಮಲಗುವ ಸಮಯಕ್ಕೂ ಇಲ್ಲಿ ಮಕ್ಕಳು ಚೆಂಡಾಡುತ್ತಿದ್ದರು. ನನಗೆ ಮನೆಗೆ ಹೋಗಬೇಕು ಅನಿಸಿತು.

ಖಾಲಿ ಗಾಜು

ಸೋಮವಾರ ಪಾಠದ ನಡುವೆ ಫೋಟೊ ಬಂತು. ಸರ್ ಏನು ಕಳಿಸಿದರೂ ಕೆಳಗೆ 'ನೋಡಿ ತಿಳಿಸು' ಎಂದು ಬರೆಯುತ್ತಾರೆ. ಇದರ ಕೆಳಗೆ ಏನೂ ಇರಲಿಲ್ಲ. ನಾನದನ್ನು ಆಗ ಗಮನಿಸಲಿಲ್ಲ.

ತೆರೆಸಾ ನನ್ನ ಹಿಂದೆ ಬಂದು ನಿಂತರು. ಫೋಟೊ ತೆರೆದೆ. ಒಂದೇ ಸಮನೆ ಬೂದು ಬೆಳಕು, ಒಂದೂ ಕೋಶವಿಲ್ಲ, ಹುರುಪೆಯಿಲ್ಲ, ನೀರಿಲ್ಲ. ಎಡಗಡೆಯ ಮೇಲಿನ ಮೂಲೆಗೆ ಸ್ವಲ್ಪ ಹತ್ತಿರವಾಗಿ ಅಜ್ಜಿ ಕೂತಿದ್ದಳು. ಅದೇ ಡೊಂಕು ಬೆನ್ನು, ಅದೇ ಅಂಚು.

ಹಳೆಯ ಸಿನಿಮಾಗಳನ್ನು ಒಂದೊಂದಾಗಿ ತೆಗೆದೆ. ಕಳೆದ ದಸರೆಗೆ ಮುಂಚಿನ ಯಾವುದರಲ್ಲೂ ಅವಳಿಲ್ಲ. ದಸರೆಯ ನಂತರ ತೆಗೆದ ಎಲ್ಲದರಲ್ಲೂ ಇದ್ದಾಳೆ. ಆಗ ನನಗೆ ಎಲ್ಲವೂ ಕಣ್ಣಿಗೆ ಕಟ್ಟಿದಂತೆ ನೆನಪಾಯಿತು.

ಆಯುಧಪೂಜೆಯ ದಿನ ಹೊನ್ನೇಗೌಡ ಸರ್ ಮೊದಲು ಮನೆಯಲ್ಲಿ ಕುಡುಗೋಲು, ಗುದ್ದಲಿ, ಸ್ಕೂಟರಿಗೆ ಪೂಜೆ ಮಾಡುತ್ತಾರೆ. ಹೊಲ ಹೋಗಿದೆ, ಕುಡುಗೋಲು ಉಳಿದಿದೆ. ಅದೇ ತಟ್ಟೆ ಹಿಡಿದು ಲ್ಯಾಬಿಗೆ ಬರುತ್ತಾರೆ. ಹಿಂದಿನ ದಿನವೇ ಎಲ್ಲ ಬಿಚ್ಚಿ ಒರೆಸಿಡುವುದು ನನ್ನ ಪಾಲಿನ ಕೆಲಸ. ಆ ಸಲ ಮೈಕ್ರೋಸ್ಕೋಪಿನಿಂದ ಕ್ಯಾಮೆರಾ ಬಿಚ್ಚಿ, ಒರೆಸಿ, ಪಕ್ಕದಲ್ಲೇ ಇಟ್ಟಿದ್ದೆ. ಅದಕ್ಕೂ ಪೂಜೆ ಆಗಲಿ ಎಂದು ಬಾಯಿ ಮೇಲಾಗಿ ಕೈಯಲ್ಲಿ ಎತ್ತಿ ಹಿಡಿದೆ. ಸರ್ ಕಣ್ಣುಮುಚ್ಚಿ, ಮೂರು ಬೆರಳಲ್ಲಿ ಕುಂಕುಮ ತೆಗೆದು, ಅದರ ಹೆಗಲಿಗೆ ಇಟ್ಟರು. ಬೆರಳು ಕೊಡವಿದರು. ಒಂದು ಕಣ ಒಳಗಿನ ಗಾಜಿನ ಮೇಲೆ ಬಿದ್ದಿರಬೇಕು. ನಮ್ಮದು ಕಪ್ಪುಬಿಳುಪು ಕ್ಯಾಮೆರಾ, ಅದಕ್ಕೆ ಕೆಂಪು ಗೊತ್ತಿಲ್ಲ.

ಇದನ್ನು ಪೋರ್ಟೊದ ಆ ಕೋಣೆಯಲ್ಲಿ ಇಂಗ್ಲಿಷಿನಲ್ಲಿ ವಿವರಿಸುವುದು ಎಷ್ಟು ಕಷ್ಟ ಎಂದು ಓದುಗರೇ ಊಹಿಸಿಕೊಳ್ಳಬಹುದು.

"ನೀವು ಮೈಕ್ರೋಸ್ಕೋಪಿಗೆ ಪೂಜೆ ಮಾಡುತ್ತೀರಾ?" ತೆರೆಸಾ ಕೇಳಿದರು.

"ವರ್ಷಕ್ಕೊಂದು ದಿನ. ಆ ದಿನ ಅದರಿಂದ ಕೆಲಸ ತೆಗೆಯುವುದಿಲ್ಲ. ಅದಕ್ಕೆ ಹೂವು ಮುಡಿಸಿ ಕೈಮುಗಿದು ಬಾಗಿಲು ಹಾಕಿಕೊಂಡು ಹೋಗುತ್ತೇವೆ."

ಯಾರಾದರೂ ನಕ್ಕರೆ ಜಗಳಕ್ಕೇ ಬೀಳುವುದೆಂದು ಸಿದ್ಧವಾಗಿದ್ದೆ. ಯಾರೂ ನಗಲಿಲ್ಲ.

"ಒಳ್ಳೆಯ ದಿನ ಅದು," ಎಂದರು ತೆರೆಸಾ. "ನನ್ನ ಯಂತ್ರಗಳಿಗೆ ನಾನು ಬಯ್ಯುವುದು ಬಿಟ್ಟು ಬೇರೇನೂ ಮಾಡಿಲ್ಲ. ಆ ಹಬ್ಬ ನಿಲ್ಲಿಸಬೇಡಿ. ಮುಚ್ಚಳ ಮಾತ್ರ ಹಾಕಿ."

ಆಮೇಲೆ ಅವರೇ ಕೂತು, ಮಿಕ್ಕ ಕೋಶಗಳು ಅಜ್ಜಿಯನ್ನು ಏಕೆ ದಾಟುತ್ತಿರಲಿಲ್ಲ ಎಂದು ತೋರಿಸಿದರು. ಅವು ದಾಟುತ್ತಿದ್ದವು. ನಡೆಯುತ್ತಾ ಬಂದ ಕೋಶ ಆ ಕಪ್ಪು ಚುಕ್ಕೆಯ ಅಡಿಗೆ ಹೋದಾಗ ಕಂಪ್ಯೂಟರಿಗೆ ಅದು ಕಾಣೆಯಾಗುತ್ತಿತ್ತು. ಅಲ್ಲಿಗೆ ಗೆರೆ ಮುಗಿಸುತ್ತಿತ್ತು. ಆಚೆ ಬದಿಯಿಂದ ಹೊರಬಂದಾಗ ಹೊಸ ಕೋಶ ಎಂದು ಹೊಸ ನಂಬರು ಕೊಡುತ್ತಿತ್ತು. ಕೋಶಗಳಿಗೆ ಅಲ್ಲಿ ಏನೂ ಅಡ್ಡಿಯಿರಲಿಲ್ಲ. ಮರ್ಯಾದೆ ಕೊಟ್ಟು ಸುತ್ತಿಕೊಂಡು ಹೋದವರು ಸರ್ ಮತ್ತು ನಾನು.

ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಪಿಎಚ್‌ಡಿಗಾಗಿ ಅತ್ತೆನೋ ಅಜ್ಜಿಗಾಗಿ ಅತ್ತೆನೋ, ಎರಡೂ ಇರಬಹುದು. ಅದಕ್ಕಿಂತ ಹೆಚ್ಚಾಗಿ ಸರ್ ನೆನಪಾದರು. ಪ್ರಬಂಧ ಒಪ್ಪಿಗೆಯಾದ ದಿನ ಅವರು ಇಡೀ ವಿಭಾಗಕ್ಕೆ ಮೈಸೂರ್‌ಪಾಕು ಹಂಚಿದ್ದರು. ಊರಿನ ಅಣ್ಣತಮ್ಮಂದಿರು ಸೈಟು ಮಾರಿ ಕಾರು ತಗೊಂಡ್ರು, ನಾನು ಇದನ್ನು ತಗೊಂಡೆ ಎಂದು ನಕ್ಕಿದ್ದರು. ಅವರ ಕೈಯಿಂದಲೇ ಬಿದ್ದ ಕುಂಕುಮ ಇದು ಎಂದು ಯಾವ ಬಾಯಲ್ಲಿ ಹೇಳುವುದು?

ಉಳಿದ ದಿನಗಳಲ್ಲಿ ಅವರಿಗೆ ಮತ್ತೆ ಫೋನ್ ಮಾಡಿದೆ. ಅವರು ಅನ್ನದ ಬಗ್ಗೆ ಕೇಳಿದರು, ನಾನು ಅನ್ನದ ಬಗ್ಗೆ ಹೇಳಿದೆ. ಫೋಟೊ ತಲುಪಿತಾ ಎಂದು ಅವರು ಕೇಳಲಿಲ್ಲ. ಕೇಳದಿದ್ದರೆ ಸಾಕೆಂದು ನಾನೂ ಸುಮ್ಮನಿದ್ದೆ. ಹೊರಡುವ ದಿನ ಅಬೆನಾ ಆ ಕಾಫಿಯಂಗಡಿಗೆ ಕರೆದೊಯ್ದು, ಒಂದು ಕಾಫಿ, ಎರಡು ಕಪ್ಪು ಎಂದಳು. ಅಂಗಡಿಯವನು ಈ ಸಲ ಹೆಂಡತಿಯನ್ನು ಕರೆಯದೆ ಅಳೆದು ಸುರಿದ. ಗುಟುಕು ಗುಟುಕಾಗಿ ಕುಡಿಯುತ್ತಾ ಬಹಳ ಹೊತ್ತು ನಿಂತೆವು.

ಕೆಂಗೇರಿ

ವಿಮಾನದಲ್ಲಿ ಮಾತುಗಳನ್ನು ಜೋಡಿಸಿಕೊಂಡೆ. ತಪ್ಪು ಯಾರದೂ ಅಲ್ಲ ಸಾರ್ ಎಂದು ಶುರು ಮಾಡಬೇಕು. ಕುಂಕುಮದ ಹೆಸರು ಎತ್ತದೆ ಬರೀ ಧೂಳು ಎಂದರೆ ಹೇಗೆ ಎಂದೂ ಯೋಚಿಸಿದೆ. ಬೆಳಿಗ್ಗೆ ಮೆಟ್ರೊದಲ್ಲಿ ಕೆಂಗೇರಿಗೆ ಹೋಗುವಾಗ, ಡೆಲಿವರಿ ಚೀಲ ಹೊತ್ತ ಹುಬ್ಬಳ್ಳಿ ಕಡೆಯ ಹುಡುಗರು ಪಕ್ಕದಲ್ಲಿ ಜೋರಾಗಿ ನಗುತ್ತಿದ್ದರು. ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಉಳಿಯಲಿಲ್ಲ.

ಸರ್ ಲ್ಯಾಬಿನಲ್ಲಿ ಮೀನಿಗೆ ಆಹಾರ ಹಾಕುತ್ತಿದ್ದರು.

"ಬಾಮ್ಮ. ಸೊರಗಿದೀಯ. ಕೂತ್ಕೊ."

"ಸಾರ್, ಒಂದ್ ವಿಷ್ಯ ಹೇಳ್ಬೇಕು. ಅಜ್ಜಿ..."

"ಅಜ್ಜಿ ಹೋದ್ಲು, ಅಲ್ವಾ?"

ನಾನು ಅವರ ಮುಖ ನೋಡಿದೆ. ಅವರು ಮೀನು ನೋಡುತ್ತಿದ್ದರು.

"ಫೋಟೊ ತೆಗೆದಾಗ್ಲೇ ನೋಡ್ದೆ ಕಣಮ್ಮ. ಗಾಜು ಕೊಳೆ ಅನ್ಕೊಂಡು ಹೊಸಾ ಗಾಜು ಹಾಕ್ದೆ. ಇದ್ಲು. ಗಾಜೇ ತೆಗೆದ್ಹಾಕ್ದೆ. ಆಗ್ಲೂ ಇದ್ಲು. ಆಮೇಲೆ ಕ್ಯಾಮೆರಾ ಬಿಚ್ಚಿ ಕಿಟಕಿ ಹತ್ರ ಹಿಡ್ಕೊಂಡು ನೋಡ್ದೆ. ಕೆಂಪಗಿತ್ತು." ಅವರು ಡಬ್ಬಿಯ ಮುಚ್ಚಳ ಹಾಕಿದರು. "ಕರೆಂಟು ಹೋಗಿರ್ಲಿಲ್ಲ. ಸುಳ್ಳು ಹೇಳ್ದೆ ನಿಂಗೆ."

ಮೇಜಿನ ಮೇಲೆ ಲೆನ್ಸ್ ಒರೆಸುವ ತೆಳುಕಾಗದದ ಕಟ್ಟು ಇತ್ತು. ಅವರು ಅದನ್ನೇ ನೋಡುತ್ತಾ ಮಾತು ಮುಂದುವರಿಸಿದರು.

"ಎರಡ್ ಸಲ ಕೈಗೆ ತಗೊಂಡೆ ಇದನ್ನ. ಒರೆಸಿ, ಕ್ಲೀನಾಗಿರೋ ಫೋಟೊ ಕಳಿಸಿದ್ರೆ ಮುಗೀತಿತ್ತು. ನಿಂಗೂ ಗೊತ್ತಾಗ್ತಿರ್ಲಿಲ್ಲ, ಆ ಮೇಡಮ್‌ಗೂ ಗೊತ್ತಾಗ್ತಿರ್ಲಿಲ್ಲ. ಪೇಪರು ಅಚ್ಚಾಗ್ತಿತ್ತು, ನಾನು ರಿಟೈರಾಗ್ತಿದ್ದೆ."

"ಮತ್ತೆ ಯಾಕ್ ಸಾರ್ ಒರೆಸ್ಲಿಲ್ಲ?"

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆಯನ್ನು ಸರ್ ಪ್ರತಿ ವರ್ಷ ಮೊದಲ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಾರೆ. ನಾನು ವಿದ್ಯಾರ್ಥಿನಿಯಾಗಿದ್ದಾಗಲೂ ಬರೆದಿದ್ದರು. ಈಗಲೂ ಅದನ್ನೇ ಹೇಳುತ್ತಾರೆ ಎಂದುಕೊಂಡೆ. ಹೇಳಲಿಲ್ಲ.

"ನೀನ್ ಖಾಲಿದು ಕೇಳಿದ್ದೆ," ಎಂದರು. "ಇದ್ದಿದ್ದು ಅದೇ."

ಕ್ಯಾಮೆರಾ ಬಿಚ್ಚಿ ನನ್ನ ಕೈಗೆ ಕೊಟ್ಟರು. ಆ ದಿನ ಹಿಡಿದಂತೆಯೇ, ಬಾಯಿ ಮೇಲಾಗಿ ಹಿಡಿದುಕೊಂಡೆ. ಅವರು ಒಂದು ಹಾಳೆ ತೆಗೆದು, ಕನ್ನಡಕ ಹಣೆಗೇರಿಸಿ, ಒಳಗಿನ ಗಾಜನ್ನು ಮೆಲ್ಲಗೆ ಒರೆಸಿದರು. ಬಿಳಿ ಕಾಗದದ ತುದಿಯಲ್ಲಿ ಸಾಸಿವೆಗಿಂತಲೂ ಬಹಳ ಸಣ್ಣದೊಂದು ಕೆಂಪು ಗೀರು ಬಂತು. ನಾನದನ್ನು ಕಸದ ಬುಟ್ಟಿಗೆ ಹಾಕಲು ಕೈಚಾಚಿದೆ. ಸರ್ ಕೊಡಲಿಲ್ಲ. ಕಾಗದವನ್ನು ಮಡಿಸಿ, ಎರಡೂ ಕಣ್ಣಿಗೆ ಒತ್ತಿಕೊಂಡು, ಜೇಬಿಗೆ ಹಾಕಿಕೊಂಡರು.

"ಕೂತ್ಕೊ, ಬರಿ," ಎಂದರು, ಕಂಪ್ಯೂಟರಿನ ಕಡೆ ಕೈತೋರಿಸಿ. "ಪೇಪರು ವಾಪಸ್ ತಗೋತಾ ಇದೀವಿ ಅಂತ. ಕಾರಣಾನೂ ಬರಿ, ಕುಂಕುಮ ಅಂತ್ಲೇ ಬರಿ. ಸಿನಿಮಾ ಎಲ್ಲ ಮೊದಲಿಂದ ನೋಡ್ಬೇಕು. ನಿಂದು ಇನ್ನೊಂದ್ ವರ್ಷ ಆಗುತ್ತೆ. ಆಗ್ಲಿ, ನಾನ್ ಬರ್ತೀನಿ, ರಿಟೈರಾದ್ರೂ ಬರ್ತೀನಿ."

ಕೂತೆ. ಪತ್ರ ಯಾರ ಹೆಸರಿನಲ್ಲಿ ಎಂದು ಕೇಳಿದೆ. ಪ್ರಬಂಧದಲ್ಲಿ ನನ್ನ ಹೆಸರು ಮೊದಲು, ಅವರದು ಕೊನೆಗೆ ಇತ್ತು. ಹಾಗೇ ಇರಲಿ ಎಂದು ಹಟ ಹಿಡಿದವರು ಅವರೇ.

"ಪೇಪರಲ್ಲಿ ನಿಂದು ಮೊದಲು ಹಾಕಿದ್ವಿ," ಎಂದರು ಸರ್. "ಇದ್ರಲ್ಲಿ ನಂದು ಮೊದಲು ಹಾಕು."

ಹೊರಗೆ ಜಲ್ಲಿ ಲಾರಿಯೊಂದು ಹಂಪು ಹತ್ತಿ ಇಳಿಯಿತು. ಮೇಜು ಅದುರಿತು, ತೊಟ್ಟಿಯ ನೀರು ಅದುರಿತು, ಕೀಬೋರ್ಡೂ ಅದುರಿತು. ಅದು ನಿಲ್ಲುವ ತನಕ ಕಾದು, ಅವರ ಹೆಸರು ಬರೆದೆ.